ಅಪ್ಪನ ಶುಗರೂ ಹಿತ್ತಿಲಿನ ಬರ್ಕೆ ಹಲಸೂ

286.

ಕಳೆದ ಮೇ ತಿಂಗಳಲ್ಲಿ ಒಂದು ಭಾನುವಾರ ಮಧ್ಯಾಹ್ನ ಮೂರೂವರೆಗೆ ಅಪ್ಪನ ಬೆರಳು ಚುಚ್ಚಿ ನೋಡಿದಾಗ ಗ್ಲುಕೋಮೀಟರ್ ತೋರಿಸಿದ್ದು ಇಷ್ಟು. ಅಪ್ಪ ಒಮ್ಮೆ ಮೆಷಿನ್ ನೋಡಿದರು, ಒಮ್ಮೆ ನನ್ನನ್ನು ನೋಡಿದರು. "ನಿನ್ನ ಮೆಷಿನ್ ಹಾಳಾಗಿದೆ ಮಾರಾಯ್ತಿ" ಅಂದರು. ಅಡುಗೆಮನೆಯಿಂದ ಅಮ್ಮ, "ಮೆಷಿನ್ ಸರಿ ಉಂಟು. ಹದಿನಾಲ್ಕು ಸೊಳೆ" ಅಂದಳು. ಅವಳು ಬೀಜ ಎಣಿಸಿಟ್ಟಿದ್ದಳು.

ಅಪ್ಪನ ವಾದದಲ್ಲೂ ಸ್ವಲ್ಪ ಸತ್ಯ ಇತ್ತು ಅನ್ನಿ. ಹಣ್ಣಿನ ರಸ ಮೆತ್ತಿದ ಬೆರಳನ್ನು ಹಾಗೇ ಚುಚ್ಚಿದರೆ ರೀಡಿಂಗ್ ಸುಳ್ಳೇ ಜಾಸ್ತಿ ಬರುತ್ತದೆ, ಆ ಮೆಷಿನ್‌ಗೆ ರಕ್ತದ ಸಕ್ಕರೆ ಯಾವುದು ಹಲಸಿನ ಸಕ್ಕರೆ ಯಾವುದು ಗೊತ್ತಾಗುವುದಿಲ್ಲ. ಹಾಗಾಗಿ ಸೋಪು ಹಾಕಿ ಕೈ ತೊಳೆಸಿ, ಒರೆಸಿ, ಇನ್ನೊಂದು ಬೆರಳು ಚುಚ್ಚಿದೆ. 268. ಊಟವಾಗಿ ಎರಡು ಗಂಟೆಗೆ 180ರ ಒಳಗೆ ಇರಬೇಕು ಅಂತ ಡಾಕ್ಟರು ಬರೆದುಕೊಟ್ಟ ಚೀಟಿ ಫ್ರಿಜ್ ಮೇಲೆ ಅಂಟಿಸಿಯೇ ಇತ್ತು.

ಅಪ್ಪ ಕದ್ದು ತಿಂದದ್ದಲ್ಲ. ಫ್ಯಾಮಿಲಿ ಗ್ರೂಪಿನಲ್ಲಿ ಬಂದ ಮೆಸೇಜ್ ನಂಬಿ, ಔಷಧಿ ಅಂತಲೇ ತಿಂದರು. "ಹಲಸು ಸಕ್ಕರೆ ಕಾಯಿಲೆಗೆ ರಾಮಬಾಣ, ಹತ್ತು ಜನರಿಗೆ ಕಳಿಸಿ." ಯಾರು ಬರೆದದ್ದೋ. ನಮ್ಮ ಮನೆ ಉಡುಪಿ ಜಿಲ್ಲೆಯ ಶಿರ್ವದ ಹತ್ತಿರ, ಹಿತ್ತಿಲಿನಲ್ಲಿ ಗಟ್ಟಿ ಸೊಳೆಯ ಬರ್ಕೆ ಹಲಸಿನ ಮರ ಒಂದು, ಮೆತ್ತಗಿನ ಸೊಳೆಯ ತುಳುವೆ ಎರಡು. ಮಗಳು ಮಂಗಳೂರಿನಿಂದ ವಾರಕ್ಕೊಮ್ಮೆ ಬಂದು "ಅದು ತಿನ್ನಬೇಡಿ ಇದು ತಿನ್ನಬೇಡಿ" ಅಂತ ಹೇಳಿ ಹೋಗುವವಳು, ಮೆಸೇಜ್ ಮಾತ್ರ "ತಿನ್ನಿ" ಅನ್ನುತ್ತಿದೆ. ಯಾರ ಮಾತು ಕೇಳಬೇಕು ನೀವೇ ಹೇಳಿ.

ಆ ಮೆಸೇಜ್ ಪೂರ್ತಿ ಸುಳ್ಳೂ ಅಲ್ಲ, ತೊಂದರೆ ಇರುವುದೇ ಅಲ್ಲಿ. ಆಂಧ್ರದ ಶ್ರೀಕಾಕುಳಂನಲ್ಲಿ ಟೈಪ್ 2 ಡಯಾಬಿಟೀಸ್ ಇರುವ 40 ಜನರ ಮೇಲೆ ಒಂದು ಪ್ರಯೋಗ ಮಾಡಿದ್ದರು, 2021ರಲ್ಲಿ ಅದು ಪ್ರಕಟವಾಯಿತು. ಹಲಸಿನ ಹಿಟ್ಟು ತಿಂದವರಿಗೆ 12 ವಾರದಲ್ಲಿ, ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಇಳಿದಿತ್ತು. ಆದರೆ ಅದು ಹಣ್ಣಲ್ಲ. ಬಲಿತ ಹಸಿ ಕಾಯಿಯನ್ನು ಒಣಗಿಸಿ ಮಾಡಿದ ಹಿಟ್ಟು. ಅದೂ ದಿನಕ್ಕೆ 30 ಗ್ರಾಂ, ಮತ್ತೆ ಅಷ್ಟೇ ಅಕ್ಕಿ ಹಿಟ್ಟೋ ಗೋಧಿ ಹಿಟ್ಟೋ ಕಡಿಮೆ ಮಾಡಿ ಅದರ ಬದಲಿಗೆ ಕೊಟ್ಟದ್ದು. ಈ "ಬದಲಿಗೆ" ಅನ್ನುವ ಮಾತು ವಾಟ್ಸಾಪ್‌ಗೆ ಬರುವಷ್ಟರಲ್ಲಿ ದಾರಿಯಲ್ಲೆಲ್ಲೋ ಬಿದ್ದುಹೋಗಿದೆ. "ಹಸಿ ಕಾಯಿ" ಅನ್ನುವುದೂ ಬಿದ್ದುಹೋಗಿದೆ. ಉಳಿದದ್ದು "ಹಲಸು" ಮಾತ್ರ, ಮತ್ತೆ ನಮ್ಮ ಅಪ್ಪ.

ಲೆಕ್ಕ ನೋಡಿ. ಹಲಸಿನ ಹಣ್ಣು 100 ಗ್ರಾಂ ತಿಂದರೆ ಅದರಲ್ಲಿ ಸುಮಾರು 19 ಗ್ರಾಂ ಸಕ್ಕರೆ. ನಮ್ಮ ಮರದ ಸೊಳೆ ದೊಡ್ಡದು, ಬೀಜ ತೆಗೆದು ತೂಗಿದರೆ 25 ಗ್ರಾಂ ಬರುತ್ತದೆ (ತೂಗಿದ್ದೇನೆ, ನನಗೆ ಅಂಥ ಹುಚ್ಚುಂಟು). ಹದಿನಾಲ್ಕು ಸೊಳೆ ಅಂದರೆ 350 ಗ್ರಾಂ. ಹತ್ತಿರ ಹತ್ತಿರ 70 ಗ್ರಾಂ ಸಕ್ಕರೆ, ಚಮಚದ ಲೆಕ್ಕದಲ್ಲಿ ಹದಿನೈದು ಚಮಚ. ಚಹಾಕ್ಕೆ ಸಕ್ಕರೆ ಬಿಟ್ಟು ನಾಲ್ಕು ವರ್ಷ ಆಯ್ತು ಅಂತ ಕಂಡವರಿಗೆಲ್ಲ ಹೇಳುವ ಮನುಷ್ಯ, ಎರಡು ಸೌಟು ಕುಚ್ಚಲಕ್ಕಿ ಅನ್ನದ ಮೇಲೆ ಹದಿನೈದು ಚಮಚ ಸಕ್ಕರೆ ತಿಂದು ಕೂತಿದ್ದರು.

ನಮ್ಮಲ್ಲಿ ಗಾದೆಯೇ ಉಂಟಲ್ವಾ, ಹಸಿದು ಹಲಸು, ಉಂಡು ಮಾವು. ಚಿಕ್ಕಂದಿನಲ್ಲಿ ಇದನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಲ್ಲ. ಹೊಟ್ಟೆ ತುಂಬಿದ ಮೇಲೆ ಹಲಸು ತಿಂದರೆ ಅಜೀರ್ಣ ಆಗುತ್ತದೆ ಅಂತ ಮಾತ್ರ ಅಂದುಕೊಂಡಿದ್ದೆ. ಆ ಭಾನುವಾರ ಕೂತು ಯೋಚಿಸಿದಾಗ ಹೊಳೆದದ್ದು, ಹಸಿದಾಗ ತಿನ್ನುವುದು ಅಂದರೆ ಅದೇ ಊಟ ಅಂತ. ಊಟದ ಮೇಲಿನ ಹಣ್ಣು ಅಲ್ಲ ಅದು.

ಅಜ್ಜಿ ಇದ್ದಾಗ ಹಾಗೇ ಇತ್ತು. ಏಪ್ರಿಲ್‌ನಿಂದ ಜೂನ್ ತನಕ ಎಷ್ಟೋ ದಿನ ಬೆಳಿಗ್ಗೆ ಹತ್ತು ಗಂಟೆಗೆ ಹಲಸು ಒಡೆಯುವುದು, ಜಗಲಿಯಲ್ಲಿ ಗೋಣಿ ಹಾಸಿ, ಮೆಟ್ಟುಕತ್ತಿಗೂ ಕೈಗೂ ತೆಂಗಿನೆಣ್ಣೆ ಸವರಿ. ಮಯಣ (ಹಲಸಿನ ಅಂಟು) ತೆಗೆಯುವ ಕೆಲಸ ಮಕ್ಕಳದ್ದು, ಕೋಲಿಗೆ ಸುತ್ತಿ ಸುತ್ತಿ ಉಂಡೆ ಮಾಡುವುದು. ಎಲ್ಲರೂ ಸುತ್ತ ಕೂತು ತಿಂದರೆ ಮಧ್ಯಾಹ್ನದ ಅನ್ನಕ್ಕೆ ಅಕ್ಕಿ ಅಳೆಯುವಾಗ ಅಜ್ಜಿ ಅರ್ಧ ಸೇರು ಕಡಿಮೆ ಹಾಕುತ್ತಿದ್ದಳು. ಅಕ್ಕಿ ಉಳಿಯಲಿ ಅಂತಲೇ ಹಲಸು ಒಡೆಯುತ್ತಿದ್ದದ್ದು. ಅದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಅಷ್ಟೇ. ಮಳೆಗಾಲದ ಆಟಿ ತಿಂಗಳಲ್ಲಿ ಗದ್ದೆ ಕೆಲಸ ಮುಗಿದು, ಮನೆಯ ಅಕ್ಕಿಯೂ ತಳಕ್ಕೆ ಬಂದಾಗ ಉಪ್ಪಿನಲ್ಲಿ ಹಾಕಿಟ್ಟ ಸೊಳೆ ಹೊರಗೆ ಬರುತ್ತಿತ್ತು. ಅದನ್ನು ನೀರಿನಲ್ಲಿ ಉಪ್ಪು ಬಿಡಿಸಿ ಪಲ್ಯ, ಇಲ್ಲಾಂದ್ರೆ ರೊಟ್ಟಿ. ಹಲಸಿನ ಬೀಜ, ನಾವು ತುಳುವಿನಲ್ಲಿ ಪೆಲತ್ತರಿ ಅನ್ನುವುದು, ಅದು ಸೌತೆಕಾಯಿ ಹುಳಿಗೆ, ಹರಿವೆ ದಂಟಿನ ಜೊತೆಗೆ, ಸಂಜೆ ಕೆಂಡದಲ್ಲಿ ಸುಟ್ಟು ಬೆಲ್ಲದ ಜೊತೆಗೆ. ಬೇಯಿಸದೆ, ಸುಡದೆ ತಿನ್ನುವುದು ಗೊತ್ತೇ ಇರಲಿಲ್ಲ. ಹಸಿ ಬೀಜದಲ್ಲಿ ಪ್ರೋಟೀನ್ ಜೀರ್ಣವಾಗದ ಹಾಗೆ ತಡೆಯುವ ಅಂಶ ಇರುತ್ತದೆ, ಬಿಸಿ ತಾಗಿದರೆ ಅದರ ಆಟ ನಡೆಯುವುದಿಲ್ಲ. ಅಜ್ಜಿಗೆ ಅದರ ಹೆಸರು ಗೊತ್ತಿರಲಿಲ್ಲ, ಹಸಿ ತಿಂದರೆ ಹೊಟ್ಟೆ ಕೆಡುತ್ತದೆ ಅಂತ ಗೊತ್ತಿತ್ತು.

ಈಗ ಅಕ್ಕಿಗೆ ತತ್ವಾರ ಇಲ್ಲ, ಅದು ಒಳ್ಳೆಯದೇ. ಹಸಿವಿನ ಕಾಲವನ್ನು ಹೊಗಳುವವಳು ನಾನಲ್ಲ. ಆದರೆ ಅನ್ನ ಅಷ್ಟೇ ಉಳಿಯಿತು, ಹಲಸೂ ಉಳಿಯಿತು, ಗದ್ದೆಗೆ ಇಳಿಯುವುದು ಮಾತ್ರ ನಿಂತುಹೋಯಿತು. ಅಪ್ಪ ಬೇಸಾಯ ಬಿಟ್ಟು ಹನ್ನೊಂದು ವರ್ಷ ಆಯ್ತು.

ಗುಜ್ಜೆಯ, ಅಂದರೆ ಎಳೆ ಹಲಸಿನ ಕಾಯಿಯ, ವಿಷಯ ಬೇರೆ. ಎಳೆ ಗುಜ್ಜೆಯಲ್ಲಿ ಸಕ್ಕರೆ ಇನ್ನೂ ಆಗಿರುವುದಿಲ್ಲ, ನಾರು ಬೇಕಾದಷ್ಟು. ಗುಜ್ಜೆ ಕಡ್ಲೆ ಮಾಡಿದರೆ ಕಡ್ಲೆಯ ಪ್ರೋಟೀನೂ ಸೇರಿತು, ಅನ್ನ ತನ್ನಷ್ಟಕ್ಕೆ ಕಡಿಮೆ ಆಗುತ್ತದೆ, ಯಾಕೆಂದರೆ ಅದನ್ನು ಬಿಟ್ಟು ಅನ್ನ ಯಾರಿಗೆ ಬೇಕು. ಜೀಗುಜ್ಜೆ (ಬ್ರೆಡ್‌ಫ್ರೂಟ್) ಮಾತ್ರ ಹಾಗಲ್ಲ ಅಂತ ಈಗಲೇ ಹೇಳಿಬಿಡುತ್ತೇನೆ, ಹೆಸರು ನೋಡಿ ಮೋಸ ಹೋಗಬೇಡಿ. ಅದರಲ್ಲಿ 100 ಗ್ರಾಂಗೆ 27 ಗ್ರಾಂ ಕಾರ್ಬೋಹೈಡ್ರೇಟ್ ಉಂಟು, ಬಟಾಟೆಗಿಂತ ಜಾಸ್ತಿ. ಇಂಗ್ಲಿಷರು 1787ರಲ್ಲಿ ಬೌಂಟಿ ಅನ್ನುವ ಹಡಗು ಕಳಿಸಿದ್ದೇ ಟಹೀಟಿಯಿಂದ ಜೀಗುಜ್ಜೆ ಗಿಡ ತಂದು ವೆಸ್ಟ್ ಇಂಡೀಸ್‌ನ ಗುಲಾಮರ ಹೊಟ್ಟೆಗೆ ಅಗ್ಗದ ಆಹಾರ ಮಾಡಲಿಕ್ಕೆ. ದಾರಿಯಲ್ಲಿ ನಾವಿಕರು ದಂಗೆ ಎದ್ದು ಗಿಡಗಳನ್ನೆಲ್ಲ ಸಮುದ್ರಕ್ಕೆ ಎಸೆದರು. ನಾವೇನೋ ಅದನ್ನು ರವೆಯಲ್ಲಿ ಹೊರಳಿಸಿ ಪೋಡಿ ಮಾಡಿಕೊಂಡು ತಿನ್ನುತ್ತೇವೆ. ಅಪ್ಪನಿಗೆ ಜೀಗುಜ್ಜೆ ಪೋಡಿ ಕೊಡುವ ದಿನ ಅನ್ನ ಒಂದು ಸೌಟು ಕಮ್ಮಿ.

ಆ ಮೆಸೇಜ್ ಗಲಾಟೆ ಆದ ಮೇಲೆ ನಾನು ಗ್ರೂಪಿನಲ್ಲಿ ಬರುವ ಹಣ್ಣಿನ ಮೆಸೇಜ್‌ಗಳನ್ನೆಲ್ಲ ಓದಲು ಶುರು ಮಾಡಿದೆ. ಹೆಚ್ಚಿನವು ನಗು ಬರುವಂಥವು. ಒಂದು ಮಾತ್ರ ಹೆದರಿಸಿತು.

ಬಿಂಬುಳಿ. ಬೆರಳುದ್ದದ ಹಸಿರು ಹುಳಿ ಕಾಯಿ ಅದು, ನಮ್ಮ ಬಾವಿಕಟ್ಟೆಯ ಹತ್ತಿರ ಒಂದು ಮರ ಇದೆ, ಕಾಂಡಕ್ಕೇ ಗೊಂಚಲು ಗೊಂಚಲು ಜೋತುಬಿದ್ದಿರುತ್ತದೆ, ಅರ್ಧಕ್ಕರ್ಧ ಕೆಳಗೆ ಬಿದ್ದು ಕೊಳೆಯುವುದು. ಪಕ್ಕದ ಮನೆಯ ಅಣ್ಣನೊಬ್ಬ ಬಂದು ಒಂದು ಚೀಲ ಕೇಳಿದ. ಉಪ್ಪಿನಕಾಯಿಗಾ ಅಂತ ಕೇಳಿದರೆ ಅಲ್ಲ, ಕೊಲೆಸ್ಟರಾಲ್‌ಗೆ, ಮಿಕ್ಸಿಯಲ್ಲಿ ತಿರುಗಿಸಿ ದಿನಾ ಒಂದು ಲೋಟ ಖಾಲಿ ಹೊಟ್ಟೆಗೆ ಅಂದ. ಇದನ್ನು ಕೇರಳದಲ್ಲಿ ಜನ ಮಾಡಿ ನೋಡಿದ್ದಾಗಿದೆ. ಬಿಂಬುಳಿ ರಸ ಕುಡಿದು ಇದ್ದಕ್ಕಿದ್ದ ಹಾಗೆ ಕಿಡ್ನಿ ಕೈಕೊಟ್ಟ ಹತ್ತು ಜನರ ಬಗ್ಗೆ ಅಲ್ಲಿನ ಡಾಕ್ಟರುಗಳು 2013ರಲ್ಲಿ ಬರೆದರು, ಅದರಲ್ಲಿ ಏಳು ಜನರಿಗೆ ಡಯಾಲಿಸಿಸ್ ಬೇಕಾಯಿತು. ಕಾರಣ ಆಕ್ಸಲೇಟ್. ಬಿಂಬುಳಿಯ ಹುಳಿಯೇ ಅದು. ರಕ್ತಕ್ಕೆ ಒಮ್ಮೆಲೇ ಜಾಸ್ತಿ ಸೇರಿದರೆ ಕ್ಯಾಲ್ಸಿಯಂ ಜೊತೆ ಕೂಡಿ ಹರಳಾಗಿ ಕಿಡ್ನಿಯ ಸಣ್ಣ ಸಣ್ಣ ನಾಳಗಳಲ್ಲಿ ಕೂತುಬಿಡುತ್ತದೆ.

ಅಣ್ಣ ನಂಬಲಿಲ್ಲ. "ನಿಮ್ಮ ಅಮ್ಮ ಬೂತಾಯಿ ಮೀನಿನ ಸಾರಿಗೆ ಹಾಕುದಿಲ್ವಾ? ನಿಮಗೆಲ್ಲ ಎಂತ ಆಗಿದೆ?" ಅಂದ. ಸರಿಯಾದ ಪ್ರಶ್ನೆ. ಅಮ್ಮ ಹಾಕುತ್ತಾಳೆ, ಒಂದು ಪಾತ್ರೆ ಸಾರಿಗೆ ನಾಲ್ಕೈದು, ಅದನ್ನು ಐದು ಜನ ಹಂಚಿಕೊಳ್ಳುತ್ತೇವೆ, ಅದೂ ವಾರಕ್ಕೊಮ್ಮೆ. ಒಂದು ಲೋಟ ರಸಕ್ಕೆ ಎಷ್ಟು ಬೇಕು ಲೆಕ್ಕ ಹಾಕಿ. ಹುಳಿ ತಡೆಯಲಾರದೆ ನಮ್ಮ ನಾಲಿಗೆಯೇ ಸಾಕು ಅನ್ನುತ್ತದೆ, ನಾವು ಮೂಗು ಹಿಡಿದುಕೊಂಡು ಕುಡಿಯುತ್ತೇವೆ. ಕೊನೆಗೆ ಅವನ ಡಾಕ್ಟರಿಗೆ ಫೋನ್ ಮಾಡಿಸಿದ ಮೇಲೆಯೇ ಅವನು ಚೀಲ ವಾಪಸ್ ಕೊಟ್ಟದ್ದು.

ಧಾರೆಹುಳಿಯೂ (ಸ್ಟಾರ್ ಫ್ರೂಟ್) ಅದೇ ಜಾತಿ, ಅದರದ್ದು ಇನ್ನೊಂದು ಕತೆ. ಕಿಡ್ನಿ ಸರಿಯಿದ್ದವರು ಒಂದೆರಡು ತುಂಡು ಉಪ್ಪು ಮೆಣಸು ಹಾಕಿ ತಿನ್ನಲಿ, ತೊಂದರೆ ಇಲ್ಲ. ಕಿಡ್ನಿ ಕಾಯಿಲೆ ಇದ್ದವರು ಮಾತ್ರ ಒಂದು ತುಂಡೂ ಮುಟ್ಟಬಾರದು. ಅದರಲ್ಲಿ ಕ್ಯಾರಂಬಾಕ್ಸಿನ್ ಅಂತ ಒಂದು ವಿಷ ಇದೆ, ಕಿಡ್ನಿ ಅದನ್ನು ಹೊರಗೆ ಹಾಕದಿದ್ದರೆ ಮೆದುಳಿಗೆ ಹೋಗುತ್ತದೆ. ನಿಲ್ಲದ ಬಿಕ್ಕಳಿಕೆಯಿಂದ ಶುರು, ಆಮೇಲೆ ಗೊಂದಲ, ಫಿಟ್ಸ್. ಹಲಸು, ಬಾಳೆಹಣ್ಣು ಸಹ ಕಿಡ್ನಿಯವರಿಗೆ ಡಾಕ್ಟರನ್ನು ಕೇಳಿಯೇ, ಎರಡರಲ್ಲೂ ಪೊಟ್ಯಾಷಿಯಂ ಜಾಸ್ತಿ. ಬೇರೆಯವರಿಗೆ ಅದೇ ಪೊಟ್ಯಾಷಿಯಂ ಬಿಪಿಗೆ ಒಳ್ಳೆಯದು. ಒಂದೇ ಹಣ್ಣು, ಜಗಲಿಯಲ್ಲಿ ಕೂತ ಇಬ್ಬರಿಗೆ ಎರಡು ಥರ.

ಇಷ್ಟು ಹೆದರಿಸಿದ್ದು ಸಾಕು. ಒಳ್ಳೆಯ ಹಣ್ಣಿನ ಬಗ್ಗೆಯೂ ಹೇಳುತ್ತೇನೆ, ಯಾರೂ ಮೆಸೇಜ್ ಮಾಡದ ಹಣ್ಣು. ಗೇರುಹಣ್ಣು. ಮಂಗಳೂರಿನಿಂದ ಗೇರುಬೀಜ ಪ್ರಪಂಚಕ್ಕೆಲ್ಲ ಹೋಗುತ್ತದೆ, ಪುತ್ತೂರಿನಲ್ಲಿ ಗೇರು ಸಂಶೋಧನೆಗೆಂದೇ ಕೇಂದ್ರ ಸರ್ಕಾರದ ಸಂಸ್ಥೆ ಇದೆ, ಹಣ್ಣು ಮಾತ್ರ ಬೀಜ ತಿರುಚಿ ತೆಗೆದ ಮೇಲೆ ಮರದ ಬುಡದಲ್ಲೇ. ಕಿತ್ತಳೆಗಿಂತ ನಾಲ್ಕೈದು ಪಟ್ಟು ವಿಟಮಿನ್ ಸಿ ಉಂಟು ಅದರಲ್ಲಿ. ಕೊರೊನಾ ಸಮಯದಲ್ಲಿ ನಾವು ಮೆಡಿಕಲ್‌ನಲ್ಲಿ ಕ್ಯೂ ನಿಂತು ಚೀಪುವ ವಿಟಮಿನ್ ಸಿ ಮಾತ್ರೆ ತಂದದ್ದು ಏಪ್ರಿಲ್ ಮೇ ತಿಂಗಳಲ್ಲಿ, ಆಗ ಗುಡ್ಡೆಯ ತುಂಬ ಗೇರುಹಣ್ಣು ಬಿದ್ದು ವಾಸನೆ ಬರುತ್ತಿತ್ತು! ಒಗರು, ಗಂಟಲು ಕೆರೆಯುತ್ತದೆ, ಅಂಗಿಗೆ ಕಲೆ ಆಗುತ್ತದೆ, ಎಲ್ಲ ನಿಜ. ಕತ್ತರಿಸಿ ಉಪ್ಪು ನೀರಿನಲ್ಲಿ ಸ್ವಲ್ಪ ಹೊತ್ತು ಹಾಕಿಟ್ಟು ಮೆಣಸಿನ ಹುಡಿ ಉದುರಿಸಿ ತಿಂದು ನೋಡಿ. ಹಣ್ಣು ಕೊಯ್ದು ಒಂದು ದಿನ ಇಟ್ಟರೆ ಕೆಡುತ್ತದೆ, ಹಾಗಾಗಿ ಇದು ಅಂಗಡಿಗೆ ಬರುವ ಮಾತೇ ಇಲ್ಲ.

ಪೇರಳೆಯೂ (ಸೀಬೆ) ಹಾಗೆ, ಕಿತ್ತಳೆಯ ನಾಲ್ಕು ಪಟ್ಟು ವಿಟಮಿನ್ ಸಿ. ಸಕ್ಕರೆ ಕಡಿಮೆ, ನಾರು ಜಾಸ್ತಿ, ಅಪ್ಪನಿಗೆ ಧೈರ್ಯದಿಂದ ಕೊಡಬಹುದಾದ ಹಣ್ಣು. ಹೊಟ್ಟೆ ಕೆಟ್ಟರೆ ಅದರ ಕುಡಿಯದ್ದೇ ತಂಬುಳಿ. ಬಪ್ಪಂಗಾಯಿ (ಪಪ್ಪಾಯಿ) ಸಹ ಪರವಾಗಿಲ್ಲ, ಚಿಕ್ಕು ಬೇಡ.

ಮಳೆ ಶುರುವಾದ ಮೇಲೆ ಹೆದ್ದಾರಿ ಬದಿಯಲ್ಲಿ ರಂಬುಟಾನ್, ಮ್ಯಾಂಗೋಸ್ಟೀನ್ ರಾಶಿ ಹಾಕುತ್ತಾರೆ. ಮಲೇಷ್ಯಾ ಕಡೆಯ ಹಣ್ಣು, ಈಗ ಬೆಳ್ತಂಗಡಿ, ಪುತ್ತೂರು ಕಡೆಯ ಅಡಿಕೆ ತೋಟಗಳಲ್ಲೇ ಬೆಳೆಯುತ್ತಾರೆ, ಒಳ್ಳೆಯದು, ಅಡಿಕೆಯೊಂದನ್ನೇ ನಂಬಿ ಕೂರುವುದಕ್ಕಿಂತ. ಮ್ಯಾಂಗೋಸ್ಟೀನ್ ನನಗೆ ತುಂಬಾ ಇಷ್ಟ. ಆದರೆ ಅದನ್ನು ಆರೋಗ್ಯಕ್ಕೆ ಅಂತ ದುಡ್ಡು ಕೊಟ್ಟು ತಗೊಳ್ಳುವವರಿಗೆ ಒಂದು ಮಾತು. ಆ ಬಿಳಿ ತಿರುಳಿನಲ್ಲಿ ವಿಟಮಿನ್ ಹೆಚ್ಚೇನಿಲ್ಲ. ಹೊಗಳಿಕೆಯೆಲ್ಲ ಬರುವುದು ಕ್ಸಾಂಥೋನ್ ಅನ್ನುವ ಅಂಶಕ್ಕೆ, ಅದು ಇರುವುದು ನಾವು ಕಾರಿನ ಕಿಟಕಿಯಿಂದ ಬಿಸಾಡುವ ಸಿಪ್ಪೆಯಲ್ಲಿ. ರುಚಿಗೆ ತಿನ್ನಿ, ಅಷ್ಟು ಸಾಕಲ್ವಾ.

ಅದರ ದಾಯಾದಿ ನಮ್ಮ ಪುನರ್ಪುಳಿ (ಕೋಕಂ), ಎರಡೂ ಗಾರ್ಸೀನಿಯಾ ಕುಲ. ಇಲ್ಲಿ ಮಾತ್ರ ನಾವು ಸಿಪ್ಪೆಯನ್ನೇ ಇಟ್ಟುಕೊಳ್ಳುತ್ತೇವೆ, ಆ ಕೆಂಪು ಬಣ್ಣ ಇರುವುದೇ ಸಿಪ್ಪೆಯಲ್ಲಿ, ಆಂಥೋಸಯಾನಿನ್. ಅದರ ಹುಳಿಯಲ್ಲಿರುವ ಎಚ್‌ಸಿಎ ಅನ್ನುವ ಆಮ್ಲದ ಹೆಸರು ಹೇಳಿ ತೂಕ ಇಳಿಸುವ ಮಾತ್ರೆ ಮಾರುತ್ತಾರೆ. ಮನುಷ್ಯರ ಮೇಲೆ ಪರೀಕ್ಷೆ ಮಾಡಿದಾಗ ಅಂಥ ದೊಡ್ಡ ಪರಿಣಾಮ ಏನೂ ಕಂಡಿಲ್ಲ, ಗಾರ್ಸೀನಿಯಾ ಮಾತ್ರೆ ನುಂಗಿ ಲಿವರ್ ಕೆಟ್ಟ ಪ್ರಕರಣಗಳು ಮಾತ್ರ ಉಂಟು. ಪುನರ್ಪುಳಿ ಸಾರು ಉಂಡು ತೆಳ್ಳಗಾದವರನ್ನು ನಾನಂತೂ ಕಂಡಿಲ್ಲ, ಆ ಸಾರು ಇದ್ದರೆ ಊಟ ಎರಡು ತುತ್ತು ಜಾಸ್ತಿಯೇ ಹೋಗುತ್ತದೆ. ಶರಬತ್ತಿನ ಗುಟ್ಟೂ ಹೇಳಿಬಿಡುತ್ತೇನೆ. ಅಮ್ಮ ಮಾಡುವಾಗ ಪುನರ್ಪುಳಿಯನ್ನು ಅರ್ಧಕ್ಕೆ ಸೀಳಿ, ಆ ಬಟ್ಟಲಿನಂಥ ಸಿಪ್ಪೆಯೊಳಗೆ ಸಕ್ಕರೆ ತುಂಬಿಸಿ, ಗಾಜಿನ ಭರಣಿಯಲ್ಲಿ ಪೇರಿಸಿ ಬಿಸಿಲಿಗೆ ಇಡುತ್ತಾಳೆ. ಎಷ್ಟು ಸಕ್ಕರೆ ಅಂತ ಕೇಳಿದೆ. "ತುಂಬುವಷ್ಟು" ಅಂದಳು. "ದೇಹಕ್ಕೆ ತಂಪು" ಅಂತ ಬಂದವರಿಗೆಲ್ಲ ಕೊಡುವುದು ಅದನ್ನೇ. ಅಪ್ಪನಿಗೀಗ ಒಣಸಿಪ್ಪೆ ನೆನೆಸಿದ ನೀರು, ಚಿಟಿಕೆ ಉಪ್ಪು, ಜೀರಿಗೆ. ಕುಡಿಯುತ್ತಾರೆ, ಮುಖ ಮಾತ್ರ ಬಿಂಬುಳಿ ತಿಂದ ಹಾಗೆ.

ಹಣ್ಣಿನ ಜ್ಯೂಸ್ ಬಗ್ಗೆ ಬೇರೆ ಬರೆಯುವುದಿಲ್ಲ, ಸಿಟ್ಟು ಬರುತ್ತದೆ. ಮೂರು ಮೂಸಂಬಿ ಹಿಂಡಿ ನಾರನ್ನು ಕಸದ ಬುಟ್ಟಿಗೆ ಹಾಕಿ ಸಕ್ಕರೆ ನೀರನ್ನು ರೋಗಿಗೆ ಕೊಡುವುದು. ಹಾಗೆ ನೋಡಿದರೆ ನಮ್ಮ ಗಡ್‌ಬಡ್ ಐಸ್‌ಕ್ರೀಮ್ ಎಷ್ಟೋ ಪ್ರಾಮಾಣಿಕ, ಅದು ಯಾವತ್ತೂ ತಾನು ಆರೋಗ್ಯ ಅಂತ ಹೇಳಿಕೊಂಡಿಲ್ಲ.

ಇನ್ನು ಮಾವು. ಉಂಡು ಮಾವು ಅಂದರಲ್ಲ, ಅದಕ್ಕೂ ಒಂದು ಅರ್ಥ ಕಾಣುತ್ತದೆ ನನಗೆ. ಮಾವಿನ ಹಳದಿ ಬಣ್ಣ ಬೀಟಾ ಕ್ಯಾರೊಟಿನ್, ದೇಹದಲ್ಲಿ ಅದು ವಿಟಮಿನ್ ಎ ಆಗುತ್ತದೆ, ಕಣ್ಣಿಗೆ ಬೇಕಾದದ್ದು. ಆದರೆ ಹೊಟ್ಟೆಯಲ್ಲಿ ಸ್ವಲ್ಪ ಎಣ್ಣೆಯೋ ತುಪ್ಪವೋ ಇದ್ದರೆ ಮಾತ್ರ ಅದು ಸರಿಯಾಗಿ ಒಳಗೆ ಹೋಗುವುದು. ಊಟದ ಜೊತೆ ತಿಂದರೆ ಅದು ಸಿಕ್ಕಿತು. ಉಡುಪಿ ಕಡೆಯ ರಸಾಯನ ನೋಡಿ, ಮಾವಿನಹಣ್ಣಿಗೆ ತೆಂಗಿನಕಾಯಿ ಹಾಲು. ಗಾದೆ ಕಟ್ಟಿದವರು ಕ್ಯಾರೊಟಿನ್ ಎಣಿಸಿರಲಿಕ್ಕಿಲ್ಲ, ಮಾವು ತಿಂದರೆ ಊಟ ಚೆನ್ನಾಗಿ ಮುಗಿಯುತ್ತದೆ ಅಂತ ಸುಮ್ನೆ ಹೇಳಿದ್ದೂ ಇರಬಹುದು. ನನಗೆ ಮುಂಡಪ್ಪಕ್ಕಿಂತ ಕಾಟುಮಾವೇ ಸೇರುವುದು, ಅದೂ ಸಾಸ್ಮೆ ಮಾಡಿದ್ದು, ಗೊರಟು ಚೀಪಿ ಚೀಪಿ ಬಿಳಿ ಮಾಡಿ ಬಟ್ಟಲಿನ ಅಂಚಿಗೆ ಸಾಲಾಗಿ ಇಡುವುದು. ಅಪ್ಪನಿಗೆ ಒಂದೇ ಗೊರಟು ಅಂತ ನಿಯಮ. ಆ ಒಂದನ್ನು ಅರ್ಧ ಗಂಟೆ ಚೀಪುತ್ತಾರೆ.

ಹಲಸಿಗೆ ನಾವು ಮಾಡಿಕೊಂಡ ಒಪ್ಪಂದ ಇದು. ಬೆಳಿಗ್ಗೆ ದೋಸೆ ಮೂರರ ಬದಲು ಒಂದು, ಆಮೇಲೆ ನಾಲ್ಕು ಸೊಳೆ, ಅದನ್ನು ತಿಂದು ಬಸ್‌ಸ್ಟಾಪ್ ತನಕ ಒಂದು ನಡಿಗೆ. ಜೂನ್ ಮೊದಲ ವಾರ ಹೀಗೆ ಮಾಡಿ ನೋಡಿದಾಗ ಎರಡು ಗಂಟೆಯ ರೀಡಿಂಗ್ 164 ಬಂತು. ಅಪ್ಪ ಆ ದಿನ ಮೆಷಿನ್ ಸರಿಯಾಗಿದೆ ಅಂತ ಒಪ್ಪಿಕೊಂಡರು. ಇದು ನಮ್ಮ ಅಪ್ಪನ ಲೆಕ್ಕ, ಅವರ ಮಾತ್ರೆಯ ಜೊತೆಗಿನ ಲೆಕ್ಕ, ನಿಮ್ಮ ಅಪ್ಪನಿಗೆ ಎರಡೇ ಸೊಳೆ ಇರಬಹುದು, ಚುಚ್ಚಿ ನೋಡದೆ ಗೊತ್ತಾಗುವುದಿಲ್ಲ. ಹಬ್ಬಕ್ಕೆ ಹಲಸಿನ ಗಟ್ಟಿ ಮಾಡಿದ ದಿನ ಒಪ್ಪಂದ ಮುರಿದದ್ದೂ ಉಂಟು. ಅದನ್ನು ಬೆಲ್ಲ ಹಾಕಿ ಮಾಡಿದ್ದು, ಸಕ್ಕರೆ ಅಲ್ಲವಲ್ಲ ಅಂತ ಅಪ್ಪನ ವಾದ. ಬೆಲ್ಲದ ಬಗ್ಗೆ ಬೇರೆಯೇ ಬರೆಯಬೇಕು.

ಈ ವರ್ಷ ಮರ ಚೆನ್ನಾಗಿ ಬಿಟ್ಟಿದೆ. ಹೋದ ವಾರ ಹೋದಾಗ ಬುಡದಲ್ಲೇ ಕೈಗೆ ಸಿಗುವ ಹಾಗೆ ಆರು ಗುಜ್ಜೆ ನೇತಾಡುತ್ತಿದ್ದವು. ಎಳತು ಇರುವಾಗಲೇ ಕೊಯ್ದರೆ ಪಲ್ಯಕ್ಕೆ ಆಯ್ತು, ಶುಗರ್‌ಗೂ ಒಳ್ಳೆಯದು ಅಂತ ಅಮ್ಮ ಕತ್ತಿ ಹಿಡಿದುಕೊಂಡು ಹೊರಟಳು. ಅಪ್ಪ ಹಿಂದೆಯೇ ಹೋದರು. ಐದು ನಿಮಿಷ ಬಿಟ್ಟು ನಾನು ಹೋಗಿ ನೋಡಿದರೆ ಎರಡು ಗುಜ್ಜೆ ಕೆಳಗೆ ಬಿದ್ದಿತ್ತು, ಉಳಿದ ನಾಲ್ಕಕ್ಕೆ ಅಡ್ಡ ಅಪ್ಪ ನಿಂತಿದ್ದರು.

"ಇದು ಬರ್ಕೆ" ಅಂದರು. "ಬರ್ಕೆಯನ್ನು ಯಾರಾದರೂ ಗುಜ್ಜೆಗೆ ಕೊಯ್ಯುತ್ತಾರಾ ಮಗಾ? ಆಚೆ ತುಳುವೆ ಉಂಟಲ್ಲ."